ಹಳೇ ರೈಡ್ ಉಳಿಸ್ಬೇಕಾ ಕೆಡವ್ಬೇಕಾ ಅಂತ ಪಾರ್ಕ್‌ನವ್ರು ಹೇಗೆ ತೀರ್ಮಾನ ಮಾಡ್ತಾರೆ?

ದೋಣಿಪ್ರಯಾಣಿಕ:

ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ತಲೇಲಿ ಕೊರೀತಿರೋ ವಿಷಯ, ಇಲ್ಲಿ ಗೊತ್ತಿರೋರು ಇದಾರೆ ಅಂತ ಕೇಳ್ತಿದೀನಿ. ನಾನು ಚಿಕ್ಕವನಿದ್ದಾಗಿಂದ ಹೋಗ್ತಿದ್ದ ಪಾರ್ಕಲ್ಲಿ ಒಂದು ಡಾರ್ಕ್ ರೈಡ್ ಇತ್ತು, ಕತ್ತಲೆ ಗುಹೆಯೊಳಗೆ ದೋಣೀಲಿ ಕೂತು ಹೋಗೋದು, ಅಕ್ಕಪಕ್ಕ ಗೊಂಬೆಗಳು, ಹಾಡು, ಒಂದು ಜಾಗದಲ್ಲಿ ತಣ್ಣಗೆ ಗಾಳಿ ಬೀಸೋದು. ಹೋದ ತಿಂಗಳು ಅದನ್ನ ಮುಚ್ಚಿಬಿಟ್ರು. ಬೋರ್ಡಲ್ಲಿ ಹಾಕಿದ್ದು ಒಂದೇ ಸಾಲು, ರೈಡ್ ತನ್ನ ಆಯಸ್ಸು ಮುಗಿಸಿದೆ ಅಂತ. ನನಗೆ ಅರ್ಥ ಆಗದೇ ಇರೋದು ಇದೇ. ಆಯಸ್ಸು ಮುಗಿಯೋದು ಅಂದ್ರೆ ಏನು? ನ್ಯೂಯಾರ್ಕ್‌ನ ಕೋನಿ ಐಲೆಂಡಲ್ಲಿರೋ ಸೈಕ್ಲೋನ್ ಅನ್ನೋ ಮರದ ರೋಲರ್ ಕೋಸ್ಟರ್ 1927ರದ್ದು, ಇವತ್ತಿಗೂ ಜನ ಕೂತು ಕಿರುಚ್ತಾರೆ. ಅದೇ ಅಮೆರಿಕಾದ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕ್‌ನ ಕಿಂಗ್ಡಾ ಕಾ 2005ರಲ್ಲಿ ಶುರುವಾಗಿದ್ದು, 456 ಅಡಿ, ಆಗ ಪ್ರಪಂಚದಲ್ಲೇ ಅತಿ ಎತ್ತರದ ಕೋಸ್ಟರ್, ಅದನ್ನ 2024ರ ನವೆಂಬರಲ್ಲಿ ನಿಲ್ಲಿಸಿ 2025ರ ಫೆಬ್ರವರೀಲಿ ಸ್ಫೋಟಕ ಇಟ್ಟು ಬೀಳಿಸಿದ್ರು. ಇಪ್ಪತ್ತು ವರ್ಷಕ್ಕೆ ಅದಕ್ಕೆ ಆಯಸ್ಸು ಮುಗೀತು, ನೂರು ವರ್ಷದ ಹತ್ರ ಇರೋದಕ್ಕೆ ಮುಗೀಲಿಲ್ಲ. ಹಾಗಾದ್ರೆ ತೀರ್ಮಾನ ಮಾಡೋರು ಯಾರು, ಏನು ನೋಡಿ ಮಾಡ್ತಾರೆ? ಒಳಗೆ ಕೆಲಸ ಮಾಡಿದೋರು ಯಾರಾದ್ರೂ ಇದ್ರೆ ಬಿಡಿಸಿ ಹೇಳಿ ಪ್ಲೀಸ್.

ಗ್ರೀಸ್‌ಕೈ:

ನಾನು ಹದಿನಾಲ್ಕು ವರ್ಷ ರೈಡ್ ಮೆಂಟೆನೆನ್ಸಲ್ಲಿ ಇದ್ದೆ ಸರ್, ಈಗ ಬಿಟ್ಟಿದೀನಿ. ನಿಮ್ಮ ಪ್ರಶ್ನೆ ನಮ್ಮ ವರ್ಕ್‌ಶಾಪಲ್ಲೂ ದಿನಾ ಬರ್ತಿತ್ತು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲನೇದು, ವರ್ಷ ಯಾರೂ ಎಣಿಸಲ್ಲ, ಗಂಟೆ ಎಣಿಸ್ತಾರೆ. ರೈಡ್ ಡಿಸೈನ್‌ಗೆ ಅಂತ ಎಎಸ್‌ಟಿಎಂ ಅನ್ನೋ ಮಾನದಂಡ ರೂಪಿಸೋ ಸಂಸ್ಥೆಯೋರ ಸ್ಟ್ಯಾಂಡರ್ಡ್ ಇದೆ, ಅದರಲ್ಲಿ ಮುಖ್ಯ ಭಾಗಗಳು 35,000 ಗಂಟೆ ಓಡೋದಕ್ಕೆ ತಾಳ್ಕೋಬೇಕು ಅಂತ ಲೆಕ್ಕ ಹಾಕಿ ಕಟ್ಟಬೇಕು. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಓಡಿಸಿದ್ರೆ ಹನ್ನೆರಡು ವರ್ಷದೊಳಗೇ ಅದು ಮುಗಿಯತ್ತೆ. ಚಳೀಲಿ ಮುಚ್ಚೋ ಪಾರ್ಕಾದ್ರೆ ಅದೇ ಗಂಟೆ ಇಪ್ಪತ್ತೈದು ವರ್ಷ ಬರಬಹುದು. ಮುಗೀತು ಅಂದ ತಕ್ಷಣ ರೈಡ್ ಕೆಳಗೆ ಬೀಳತ್ತೆ ಅಂತಲ್ಲ, ಅಲ್ಲಿಂದಾಚೆ ನಾವು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಬೇಕು ಅಂತ ಅರ್ಥ. ಉಕ್ಕು ಪ್ರತಿ ಸುತ್ತಲ್ಲೂ ಒಂಚೂರು ಬಗ್ಗಿ ವಾಪಸ್ ಬರತ್ತೆ, ಲಕ್ಷಗಟ್ಲೆ ಸುತ್ತು ಆದ್ಮೇಲೆ ವೆಲ್ಡಿಂಗ್ ಹತ್ರ ಕೂದಲೆಳೆ ಬಿರುಕು ಬಿಡತ್ತೆ. ಸೀಸನ್ ಮುಗಿದ್ಮೇಲೆ ಟ್ರೇನ್ ಪೂರ್ತಿ ಬಿಚ್ಚಿ, ಪೇಂಟ್ ಕೆರೆದು, ಮ್ಯಾಗ್ನೆಟಿಕ್ ಪುಡಿ ಹಾಕಿ ಬಿರುಕು ಹುಡುಕ್ತೀವಿ. ಒಂದು ಸಿಕ್ಕಿದ್ರೆ ರಿಪೇರಿ. ಮುಂದಿನ ವರ್ಷ ಅದೇ ಜಾಗದಲ್ಲಿ ಐದು ಸಿಕ್ಕಿದ್ರೆ ಆಗ ಮೇಲಿನವ್ರ ಹತ್ರ ಕೂತು ಮಾತಾಡೋ ಟೈಮ್ ಬಂತು ಅಂತ ನಮಗೆ ಗೊತ್ತಾಗತ್ತೆ.

ಸೈಕ್ಲೋನ್ ವಿಷಯಕ್ಕೆ ಬರ್ತೀನಿ. ಮರದ ಕೋಸ್ಟರ್ ಯಾಕೆ ನೂರು ವರ್ಷ ಬಾಳತ್ತೆ ಅಂದ್ರೆ ಅದನ್ನ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸ್ತಾನೇ ಇರಬಹುದು. ಈ ಚಳಿಗಾಲ ಎರಡು ಇಳಿಜಾರಿನ ಹಲಗೆ, ಮುಂದಿನ ಸಲ ಒಂದು ತಿರುವು, ಹೀಗೆ. ಬಡಗಿ ಇದ್ರೆ, ಮರ ಇದ್ರೆ ಸಾಕು, ಯಾವ ಕಂಪನಿ ಮುಂದೇನೂ ಕೈ ಚಾಚಬೇಕಾಗಿಲ್ಲ. ಕಿಂಗ್ಡಾ ಕಾ ಥರದ್ದು ಹಾಗಲ್ಲ. ಅದರಲ್ಲಿ ಹೈಡ್ರಾಲಿಕ್ ಮೋಟರ್‌ಗಳು ಒಂದು ದೊಡ್ಡ ಡ್ರಮ್ ತಿರುಗಿಸಿ ಕೇಬಲ್ ಎಳೆದು ಟ್ರೇನ್‌ನ ಗಂಟೆಗೆ 128 ಮೈಲಿ ವೇಗಕ್ಕೆ ಎಸೆಯೋದು. ಕೇಬಲ್ ಸವೆಯತ್ತೆ, ಸೀಲ್ ಸೋರತ್ತೆ, ಗಾಳಿ ಜೋರಾದ್ರೆ ನಿಲ್ಲಿಸ್ಬೇಕು. ಅಂಥಾ ಮಿಷಿನ್ ಕಟ್ಟಿರೋದೇ ಬೆರಳೆಣಿಕೆಯಷ್ಟು, ಹಾಗಾಗಿ ಪಾರ್ಟ್ಸ್ ಎಲ್ಲಾ ಆರ್ಡರ್ ಕೊಟ್ಟು ಮಾಡಿಸ್ಬೇಕು. ಆನೆ ಸಾಕಿದ ಹಾಗೆ.

ಎರಡನೇದು ಸ್ಪೇರ್ ಪಾರ್ಟ್ಸ್. ಇದನ್ನ ಹೊರಗಿನವ್ರು ಯಾರೂ ಯೋಚನೆ ಮಾಡಲ್ಲ, ಆದ್ರೆ ನನ್ನ ಪ್ರಕಾರ ಬಿರುಕಿಗಿಂತ ಹೆಚ್ಚು ರೈಡ್‌ಗಳನ್ನ ಕೊಂದಿರೋದು ಇದೇ. ಆರೋ ಡೈನಾಮಿಕ್ಸ್ ಅಂತ ಕಂಪನಿ, ಉಕ್ಕಿನ ಪೈಪ್ ಟ್ರ್ಯಾಕ್ ಕೋಸ್ಟರ್ ಶುರು ಮಾಡಿದ್ದೇ ಅವ್ರು, 2001ರಲ್ಲಿ ದಿವಾಳಿ ಆಯ್ತು, ಆಮೇಲೆ ಎಸ್ ಅಂಡ್ ಎಸ್ ಅನ್ನೋ ಇನ್ನೊಂದು ರೈಡ್ ಕಂಪನಿಯವ್ರು ತಗೊಂಡ್ರು. ಕಂಪನಿ ಹೋದ್ರೂ ರೈಡ್‌ಗಳು ಇರ್ತವಲ್ಲ, ಅವುಗಳನ್ನ ಇಟ್ಕೊಂಡ ಪಾರ್ಕ್‌ನವ್ರ ಪರಿಸ್ಥಿತಿ ಯೋಚನೆ ಮಾಡಿ. ಕಂಟ್ರೋಲ್ ಪ್ಯಾನೆಲ್ ಕಥೇನೂ ಅಷ್ಟೇ, ಇಪ್ಪತ್ತೈದು ವರ್ಷದ ಹಿಂದಿನ ಪಿಎಲ್‌ಸಿ, ಅಂದ್ರೆ ರೈಡ್ ನಡೆಸೋ ಕಂಪ್ಯೂಟರ್, ಅದರ ಕಾರ್ಡ್ ಸುಟ್ಟೋದ್ರೆ ಸೆಕೆಂಡ್ ಹ್ಯಾಂಡಲ್ಲಿ ಹುಡುಕ್ಬೇಕು. ನಾನಿದ್ದ ಕಡೆ ಒಂದು ಕೋಸ್ಟರ್‌ಗೆ ಎರಡು ಟ್ರೇನ್ ಇತ್ತು, ಒಂದರ ಚಕ್ರದ ಭಾಗ ಸಿಗದೇ ಇದ್ದಾಗ ಇನ್ನೊಂದರಿಂದ ಬಿಚ್ಚಿ ಹಾಕಿದ್ವಿ, ಅಲ್ಲಿಗೆ ಎರಡನೇ ಟ್ರೇನ್ ಶಾಶ್ವತವಾಗಿ ಶೆಡ್ ಸೇರ್ತು. 24 ಸೀಟಿನ ಟ್ರೇನ್, ಎರಡು ಓಡ್ತಿದ್ದಾಗ ನಿಮಿಷಕ್ಕೊಂದು ಬಿಡ್ತಿದ್ವಿ, ಗಂಟೆಗೆ 1,440 ಜನ. ಒಂದೇ ಟ್ರೇನ್ ಆದ್ಮೇಲೆ ಎರಡೂವರೆ ನಿಮಿಷಕ್ಕೊಂದು, 576 ಜನ. ಕ್ಯೂ ಉದ್ದ ಆಯ್ತು, ಜನ ಬೈಕೊಂಡು ಹೋದ್ರು, ಸರ್ವೇಲಿ ಮಾರ್ಕ್ಸ್ ಬಿತ್ತು. ಕೊನೆಗೆ ಮೀಟಿಂಗಲ್ಲಿ ಹೇಳಿದ್ದು ಈ ರೈಡ್ ಜನಕ್ಕೆ ಇಷ್ಟ ಇಲ್ಲ ಅಂತ. ಆ ಮೀಟಿಂಗ್ ಇವತ್ತಿಗೂ ನೆನಪಿದೆ ನನಗೆ, ಯಾಕಂದ್ರೆ ಇಷ್ಟ ಇಲ್ದೇ ಇದ್ದಿದ್ದು ರೈಡ್ ಅಲ್ಲ, ಒಂದೇ ಟ್ರೇನ್.

ನಿಮ್ಮ ಡಾರ್ಕ್ ರೈಡ್ ಬಗ್ಗೆ ಇನ್ನೊಂದು ಮಾತು. 1984ರಲ್ಲಿ ಇದೇ ಗ್ರೇಟ್ ಅಡ್ವೆಂಚರ್ ಪಾರ್ಕಲ್ಲಿ ಹಾಂಟೆಡ್ ಕ್ಯಾಸಲ್ ಅನ್ನೋ ದೆವ್ವದ ಮನೆಗೆ ಬೆಂಕಿ ಬಿದ್ದು ಎಂಟು ಜನ ಹುಡುಗರು ತೀರ್ಕೊಂಡ್ರು. ಅದಾದ್ಮೇಲೆ ಈ ಥರ ಕತ್ತಲೆ ಕಟ್ಟಡಗಳಿಗೆ ಸ್ಪ್ರಿಂಕ್ಲರ್, ಹೊಗೆ ಕಂಡುಹಿಡಿಯೋ ಸೆನ್ಸರ್, ಹೊರಗೋಗೋ ದಾರಿಯ ದೀಪ ಅಂತ ನಿಯಮ ಬಿಗಿಯಾಯ್ತು. ಹಳೇ ಕಟ್ಟಡಕ್ಕೆ ಎಷ್ಟೋ ಕಡೆ ಒಂದಿಷ್ಟು ವಿನಾಯ್ತಿ ಇರತ್ತೆ, ಆದ್ರೆ ದೊಡ್ಡ ರಿಪೇರಿಗೆ ಕೈ ಹಾಕಿದ ತಕ್ಷಣ ಹೊಸ ನಿಯಮ ಪೂರ್ತಿ ಅನ್ವಯ ಆಗೋ ಸಾಧ್ಯತೆ ಜಾಸ್ತಿ. ಅಂದ್ರೆ ಪಂಪ್ ಬದಲಾಯಿಸೋಣ ಅಂತ ಹೊರಟ್ರೆ ವೈರಿಂಗ್, ಬಾಗಿಲು, ಪರದೆ ಬಟ್ಟೆ ಸಮೇತ ಎಲ್ಲಾ ಮಾಡ್ಬೇಕಾಗತ್ತೆ. ಅದಕ್ಕೇ ಸುಮಾರು ಕಡೆ ಏನೂ ಮುಟ್ಟದೇ ಹಾಗೇ ಓಡಿಸಿ ಓಡಿಸಿ ಒಂದಿನ ಮುಚ್ಚಿಬಿಡ್ತಾರೆ. ನಿಮ್ಮಲ್ಲೂ ಹೀಗೇ ಆಯ್ತು ಅಂತ ನಾನು ಹೇಳಲ್ಲ, ಕೊನೇ ವರ್ಷಗಳಲ್ಲಿ ಗೊಂಬೆಗಳು ಒಂದೊಂದಾಗಿ ಅಲ್ಲಾಡೋದು ನಿಲ್ಲಿಸಿದ್ವಾ ನೆನಪು ಮಾಡ್ಕೊಳ್ಳಿ.

ಮರದಹಳಿ:

ಗ್ರೀಸ್‌ಕೈ ಸರ್ ಚೆನ್ನಾಗಿ ಬರೆದಿದೀರಿ. ಒಂದು ಸೇರಿಸ್ತೀನಿ, ಉಳಿಸೋದು ಕೆಡವೋದು ಅಂತ ಎರಡೇ ದಾರಿ ಇತ್ತು ಮುಂಚೆ, ಈಗ ಮೂರನೇದು ಬಂದಿದೆ. ಟೆಕ್ಸಾಸ್ ಜೈಂಟ್ ಅಂತ ಮರದ ಕೋಸ್ಟರ್, 1990ರದ್ದು, ಎಷ್ಟು ಕುಲುಕ್ತಿತ್ತು ಅಂದ್ರೆ ಇಳಿದೋರು ಬೆನ್ನು ಹಿಡ್ಕೊಂಡು ಬರ್ತಿದ್ರು. 2009ರಲ್ಲಿ ನಿಲ್ಲಿಸಿ, ರಾಕಿ ಮೌಂಟನ್ ಕನ್ಸ್‌ಟ್ರಕ್ಷನ್‌ನವ್ರ ಕೈಗೆ ಕೊಟ್ರು, ಅವ್ರು ಮರದ ಕಂಬಗಳನ್ನ ಆದಷ್ಟು ಉಳಿಸ್ಕೊಂಡು ಮೇಲೆ ಉಕ್ಕಿನ ಟ್ರ್ಯಾಕ್ ಹಾಕಿ 2011ರಲ್ಲಿ ಮತ್ತೆ ಬಿಟ್ರು. ಜನ ಹುಚ್ಚೆದ್ದು ಬಂದ್ರು. ಆಮೇಲೆ ಒಂದರ ಹಿಂದೆ ಒಂದು, ಮ್ಯಾಜಿಕ್ ಮೌಂಟನ್‌ನ ಕೊಲೋಸಸ್ 1978ರದ್ದು 2015ರಲ್ಲಿ ಟ್ವಿಸ್ಟೆಡ್ ಕೊಲೋಸಸ್ ಆಯ್ತು, ಸೀಡರ್ ಪಾಯಿಂಟ್‌ನ ಮೀನ್ ಸ್ಟ್ರೀಕ್ 2018ರಲ್ಲಿ ಸ್ಟೀಲ್ ವೆಂಜನ್ಸ್ ಆಯ್ತು. ಮೀನ್ ಸ್ಟ್ರೀಕ್ ಬಗ್ಗೆ ಒಳ್ಳೆ ಮಾತಾಡಿದೋರನ್ನ ನಾನು ನೋಡೇ ಇಲ್ಲ, ಅದೇ ಕಂಬಗಳ ಮೇಲೆ ಈಗಿರೋದನ್ನ ಪ್ರಪಂಚದ ಬೆಸ್ಟ್ ಅನ್ನೋರು ಎಷ್ಟೋ ಜನ. ಉಕ್ಕಿನದ್ದಕ್ಕೂ ದಾರಿ ಇದೆ. ಹಲ್ಕ್ ಕೋಸ್ಟರ್‌ನ ಯೂನಿವರ್ಸಲ್‌ನವ್ರು 2015ರಲ್ಲಿ ನಿಲ್ಲಿಸಿ ಟ್ರ್ಯಾಕೇ ಹೊಸದು ಹಾಕಿ 2016ರಲ್ಲಿ ತೆಗೆದ್ರು, ಆಲ್ಟನ್ ಟವರ್ಸ್‌ನ ನೆಮೆಸಿಸ್ 2022ರಲ್ಲಿ ಮುಚ್ಚಿ 2024ರಲ್ಲಿ ಹೊಸ ಹಳಿ ಮೇಲೆ ವಾಪಸ್ ಬಂತು. ದಾರಿ ಅದೇ, ತಿರುವು ಅದೇ, ಉಕ್ಕು ಮಾತ್ರ ಹೊಸದು. ಒಂದು ರೈಡ್‌ಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ ಅನ್ಸತ್ತೆ ನನಗೆ.

ಆದ್ರೆ ಎಲ್ಲದಕ್ಕೂ ಈ ಭಾಗ್ಯ ಇಲ್ಲ. ಕಿಂಗ್ಸ್ ಐಲೆಂಡ್‌ನ ಸನ್ ಆಫ್ ಬೀಸ್ಟ್, 2000ದಲ್ಲಿ ಶುರು, ಮರದ ಕೋಸ್ಟರಲ್ಲಿ ತಲೆಕೆಳಗಾಗಿ ಸುತ್ತೋ ಲೂಪ್ ಇಟ್ಟಿದ್ರು. 2006ರಲ್ಲಿ ಒಂದು ತೊಲೆ ಬಿರುಕು ಬಿಟ್ಟು ಟ್ರೇನಲ್ಲಿದ್ದ ಹತ್ತಾರು ಜನಕ್ಕೆ ಪೆಟ್ಟಾಯ್ತು. ಲೂಪ್ ತೆಗೆದ್ರು, ಹಗುರ ಟ್ರೇನ್ ಹಾಕಿದ್ರು, 2009ರಲ್ಲಿ ಮತ್ತೆ ದೂರು ಬಂತು, ನಿಂತೋಯ್ತು, ಮೂರು ವರ್ಷ ಸುಮ್ನೆ ನಿಂತಿದ್ದು 2012ರಲ್ಲಿ ನೆಲ ಕಚ್ಚಿತು. ಅಡಿಪಾಯದಿಂದಲೇ ತಪ್ಪಿದ್ರೆ ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಸೀಡರ್ ಪಾಯಿಂಟ್‌ನ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಕೂಡ ನೋಡಿ. ಕಿಂಗ್ಡಾ ಕಾ ಅಣ್ಣ ಅನ್ನಬಹುದು, 2003ರದ್ದು, 420 ಅಡಿ. 2021ರಲ್ಲಿ ಟ್ರೇನಿಂದ ಲೋಹದ ತುಂಡು ಕಳಚಿ ಕ್ಯೂನಲ್ಲಿ ನಿಂತಿದ್ದ ಹೆಂಗಸಿಗೆ ಬಡಿದು ತುಂಬಾ ದೊಡ್ಡ ಗಾಯ ಆಯ್ತು. ಆ ಪಾರ್ಕ್‌ನವ್ರು ಕೆಡವ್ಲಿಲ್ಲ, ಹೈಡ್ರಾಲಿಕ್ ಕಿತ್ತು ಅಯಸ್ಕಾಂತದ ಲಾಂಚ್ ಹಾಕಿ ಇನ್ನೊಂದು ಗೋಪುರ ಸೇರಿಸಿ 2024ರ ಮೇನಲ್ಲಿ ತೆಗೆದ್ರು, ಒಂದು ವಾರ ಆಗ್ತಿದ್ದ ಹಾಗೆ ಟ್ರೇನ್ ಸಮಸ್ಯೆ ಅಂತ ಮುಚ್ಚಿದ್ರು, ಆ ಸೀಸನ್ ಪೂರ್ತಿ ಹೋಯ್ತು, 2025ರಲ್ಲಿ ವಾಪಸ್. ಒಂದೇ ಜಾತಿ ಮಿಷಿನ್, ಒಂದನ್ನ ಉಳಿಸೋಕೆ ಇಷ್ಟು ಪಾಡು ಪಟ್ರು, ಇನ್ನೊಂದನ್ನ ಬೀಳಿಸಿದ್ರು. ಆ ಪಾಡು ಕಣ್ಣಾರೆ ಕಂಡ್ಮೇಲೆ ಕಿಂಗ್ಡಾ ಕಾ ಕೈ ಬಿಟ್ಟಿದ್ದು ನನಗೆ ಆಶ್ಚರ್ಯ ಆಗ್ಲಿಲ್ಲ, ಸಂಕಟ ಅಂತೂ ಆಯ್ತು.

ಜಾಗದಲೆಕ್ಕ:

ಮೇಲಿನ ಇಬ್ರೂ ರೈಡ್ ಕಡೆಯಿಂದ ನೋಡಿದೀರಿ. ಮ್ಯಾನೇಜ್‌ಮೆಂಟ್ ನೋಡೋದು ಜಾಗ. ಈ ಜಾಗದಲ್ಲಿ ಬೇರೇನು ಬರಬಹುದು ಅನ್ನೋದೇ ಪ್ರಶ್ನೆ. ಯೂನಿವರ್ಸಲ್ ಫ್ಲೋರಿಡಾದಲ್ಲಿ ಜಾಸ್ ರೈಡ್ 2012ರ ಜನವರೀಲಿ ಮುಚ್ಚಿದ್ದು ಯಾರೂ ಬರ್ತಿಲ್ಲ ಅಂತ ಅಲ್ಲ, ಅಲ್ಲಿ ಹ್ಯಾರಿ ಪಾಟರ್ ಕಥೆಯ ಡಯಾಗನ್ ಆಲಿ ಬೀದಿ ಕಟ್ಬೇಕಿತ್ತು, 2014ರಲ್ಲಿ ಅದು ತೆರೀತು. ಡಿಸ್ನಿಯವ್ರ ಎಪ್ಕಾಟ್ ಪಾರ್ಕ್‌ನ ಮೇಲ್‌ಸ್ಟ್ರಾಮ್ ದೋಣಿ ರೈಡ್ 2014ರಲ್ಲಿ ನಿಲ್ಲಿಸಿ ಅದೇ ಕಾಲುವೇಲಿ ಹೊಸ ದೃಶ್ಯ ಹಾಕಿ 2016ರಲ್ಲಿ ಫ್ರೋಜನ್ ಎವರ್ ಆಫ್ಟರ್ ಅಂತ ಬಿಟ್ರು. ನೀರು, ಕಾಲುವೆ, ಕಟ್ಟಡ ಇದ್ದಿದ್ದೇ, ಬದಲಾಗಿದ್ದು ಕಥೆ. ಜಾಗ ಧಾರಾಳ ಇರೋ ಪಾರ್ಕಲ್ಲಿ ಹಳೇ ರೈಡ್ ಜಾಸ್ತಿ ಬಾಳತ್ತೆ, ಇಕ್ಕಟ್ಟಿರೋ ಕಡೆ ಹೊಸದು ಬರ್ಬೇಕು ಅಂದ್ರೆ ಹಳೇದು ಎದ್ದೇಳಲೇಬೇಕು. ಜೊತೆಗೆ ಹೊಸ ರೈಡ್ ಅಂತ ಜಾಹೀರಾತು ಕೊಡಬಹುದು, ಹಳೇದು ಚೆನ್ನಾಗಿ ಓಡ್ತಿದೆ ಅಂತ ಯಾರೂ ಜಾಹೀರಾತು ಕೊಡಲ್ಲ.

ಒಂದು ವಿಷಯ ಮಾತ್ರ ಲೆಕ್ಕದವ್ರೂ ಮರೀತಾರೆ. ನಿಧಾನದ ಡಾರ್ಕ್ ರೈಡ್ ಗಂಟೆಗೆ ಸಾವಿರಗಟ್ಲೆ ಜನಾನ ಒಳಗೆ ಎಳ್ಕೊಳತ್ತೆ. ಕ್ಯೂ ಚಿಕ್ಕದು ಅಂದ್ರೆ ಬೇಡಿಕೆ ಇಲ್ಲ ಅಂತಲ್ಲ, ಬೇಗ ಬೇಗ ಹತ್ತಿಸ್ತಿದಾರೆ ಅಂತ. ಅದನ್ನ ತೆಗೆದ ದಿನ ಆ ಜನ ಎಲ್ಲಾ ಉಳಿದ ರೈಡ್‌ಗಳ ಕ್ಯೂಗೆ ಹೋಗಿ ನಿಲ್ತಾರೆ. ಪುಟ್ಟ ಮಕ್ಕಳು, ವಯಸ್ಸಾದೋರು, ಬಸುರಿ ಹೆಂಗಸ್ರು ಒಟ್ಟಿಗೆ ಕೂರೋ ಜಾಗ ಬೇರೆ ಎಲ್ಲಿದೆ ಹೇಳಿ.

ದೋಣಿಪ್ರಯಾಣಿಕ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗತ್ತೆ ಅಂದ್ಕೊಂಡಿರ್ಲಿಲ್ಲ. ಗ್ರೀಸ್‌ಕೈ ಸರ್, ನೀವು ಕೇಳಿದ್ದಕ್ಕೆ, ಹೌದು. ಕೊನೇ ನಾಲ್ಕೈದು ವರ್ಷ ಡೋಲು ಬಾರಿಸೋ ಗೊಂಬೆ ಕೈ ಎತ್ತಿದ್ದು ಎತ್ತಿದ್ದೇ ಇತ್ತು, ಶಬ್ದ ಮಾತ್ರ ಬರ್ತಿತ್ತು. ತಣ್ಣನೆ ಗಾಳೀನೂ ನಿಂತೋಗಿತ್ತು. ಆಗೆಲ್ಲ ಇವತ್ತೇನೋ ಕೆಟ್ಟಿದೆ, ನಾಳೆ ಸರಿ ಮಾಡ್ತಾರೆ ಅಂದ್ಕೊಂಡು ಬರ್ತಿದ್ದೆ. ಅದು ಮುಚ್ಚೋದಕ್ಕೆ ಮುಂಚಿನ ಸೂಚನೆ ಅಂತ ಈಗ ಅರ್ಥ ಆಗ್ತಿದೆ, ಹೊಟ್ಟೆ ಉರೀತಿದೆ. ಇನ್ನೊಂದು ಪ್ರಶ್ನೆ. ಮುಚ್ಚೋದು ಬೇಡ ಅಂತ ಜನ ಗಲಾಟೆ ಮಾಡಿದ್ರೆ ಏನಾದ್ರೂ ಪ್ರಯೋಜನ ಇದ್ಯಾ, ಎಲ್ಲಾದ್ರೂ ಉಳಿಸಿದಾರಾ?

ಗೊಂಬೆಮನೆ:

ಉಳಿಸಿದಾರೆ, ಆದ್ರೆ ಯಾರ ಕೈಲಿ ಅಧಿಕಾರ ಇತ್ತು ಅನ್ನೋದರ ಮೇಲೆ. ಸ್ಯಾನ್ ಡಿಯಾಗೋದ ಜೈಂಟ್ ಡಿಪ್ಪರ್ ಅನ್ನೋ ಮರದ ಕೋಸ್ಟರ್ 1925ರದ್ದು, 1976ರಲ್ಲಿ ಮುಚ್ಚಿ ಹಾಳು ಬಿದ್ದು ಇನ್ನೇನು ಕೆಡವ್ತಾರೆ ಅನ್ನೋವಾಗ ಊರಿನವ್ರೇ ಸಮಿತಿ ಮಾಡ್ಕೊಂಡು ಹೋರಾಡಿ 1990ರಲ್ಲಿ ಮತ್ತೆ ಓಡಿಸಿದ್ರು. ನೀವು ಹೇಳಿದ ಸೈಕ್ಲೋನ್ ಕೂಡ 70ರ ದಶಕದಲ್ಲಿ ಪಕ್ಕದ ಅಕ್ವೇರಿಯಂ ವಿಸ್ತರಣೆಗೆ ಅಂತ ಹೋಗಬೇಕಿತ್ತು, ಜನ ಬಿಡ್ಲಿಲ್ಲ, 1975ರಲ್ಲಿ ಮತ್ತೆ ಶುರುವಾಯ್ತು, 1988ರಲ್ಲಿ ನ್ಯೂಯಾರ್ಕ್ ನಗರದ ಸಂರಕ್ಷಿತ ಸ್ಮಾರಕ ಆಯ್ತು. ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿರೋ ಸೀನಿಕ್ ರೈಲ್ವೆ ಅನ್ನೋ ಮರದ ಕೋಸ್ಟರ್ 1920ರದ್ದು, 2002ರಲ್ಲಿ ಸಂರಕ್ಷಿತ ಪಟ್ಟಿಗೆ ಸೇರ್ತು, 2008ರಲ್ಲಿ ಯಾರೋ ಬೆಂಕಿ ಹಚ್ಚಿದ್ರು, ಆದ್ರೂ ಮತ್ತೆ ಕಟ್ಟಿ 2015ರಲ್ಲಿ ಓಡಿಸಿದ್ರು. ಕಾನೂನಿನ ರಕ್ಷಣೆ ಸಿಕ್ಕಿದ್ರೆ ಮಾತ್ರ ಗಟ್ಟಿ. ಖಾಸಗಿ ಪಾರ್ಕ್ ಗೇಟ್ ಒಳಗಿರೋದಕ್ಕೆ ಅದು ಸಿಗೋದು ತುಂಬಾ ಅಪರೂಪ. ವಾಲ್ಟ್ ಡಿಸ್ನಿ ವರ್ಲ್ಡ್‌ನ ಮಿಸ್ಟರ್ ಟೋಡ್ ರೈಡ್ ಮುಚ್ತಾರೆ ಅಂತ ಗೊತ್ತಾದಾಗ ಅಭಿಮಾನಿಗಳು ಟಿ ಶರ್ಟ್ ಹಾಕ್ಕೊಂಡು ಪಾರ್ಕ್ ಒಳಗೇ ಪ್ರತಿಭಟನೆ ಮಾಡಿದ್ರು, ಆದ್ರೂ 1998ರ ಸೆಪ್ಟೆಂಬರಲ್ಲಿ ಮುಚ್ಚಿದ್ರು. ಅದೇ ಹೆಸರಿನ ರೈಡ್ ಕ್ಯಾಲಿಫೋರ್ನಿಯಾ ಡಿಸ್ನಿಲ್ಯಾಂಡಲ್ಲಿ 1955ರಿಂದ ಇದೆ.

ನನಗೆ ತುಂಬಾ ಇಷ್ಟದ ಉದಾಹರಣೆ ಡಿಸ್ನಿಯವ್ರ ಟಿಕಿ ರೂಮ್. ಹಕ್ಕಿಗಳು ಹಾಡೋ ಶೋ, ಮೂಲ 1963ರದ್ದು. ಫ್ಲೋರಿಡಾದಲ್ಲಿ 1998ರಲ್ಲಿ ಹಳೇದಾಯ್ತು ಅಂತ ಸಿನಿಮಾ ಪಾತ್ರಗಳನ್ನ ತಂದು ಕೂರಿಸಿದ್ರು, ಅವು ಹಳೇ ಹಾಡಿನ ಮಧ್ಯೆ ಬಾಯಿ ಹಾಕೋವು, ಹಳೇ ಶೋ ಪ್ರೀತಿಸ್ತಿದ್ದೋರಿಗೆ ತುಂಬಾ ನೋವಾಯ್ತು. 2011ರ ಜನವರೀಲಿ ಒಳಗೆ ಸಣ್ಣ ಬೆಂಕಿ ಬಿತ್ತು, ಸದ್ಯ ಯಾರಿಗೂ ಏನೂ ಆಗ್ಲಿಲ್ಲ. ರಿಪೇರಿ ಮಾಡೋವಾಗ ಹೊಸ ಪಾತ್ರಗಳನ್ನ ಬಿಟ್ಟು ಮೂಲ ಶೋ ಥರಾನೇ ವಾಪಸ್ ತಂದ್ರು, ಈಗಲೂ ನಡೀತಿದೆ. ಹಳೇದು ಅನ್ನೋದಕ್ಕೂ ಸವೆದಿದೆ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಇದರ ಉಲ್ಟಾನೂ ಇದೆ. ಮಿಷಿನ್ ಗಟ್ಟಿ ಇರತ್ತೆ, ಕಥೆ ಮಾತ್ರ ಇಟ್ಕೊಳ್ಳೋ ಹಾಗಿರಲ್ಲ. ಡಿಸ್ನಿಯವ್ರ ಸ್ಪ್ಲಾಶ್ ಮೌಂಟನ್ ಅನ್ನೋ ನೀರಿನ ಜಾರು ರೈಡ್ ಬದಲಾಯಿಸಿದ್ದು ಯಾಕೆ, ಅದು ನಿಂತಿದ್ದ ಕಥೆ ಕಪ್ಪು ಜನರ ಗುಲಾಮಗಿರಿಯ ನೋವನ್ನ ಮರೆಮಾಚಿ ತೋರ್ಸತ್ತೆ ಅನ್ನೋ ಆಕ್ಷೇಪ ದಶಕಗಳಿಂದ ಇತ್ತು. 2020ರಲ್ಲಿ ಘೋಷಣೆ ಮಾಡಿದ್ರು, 2024ರಲ್ಲಿ ಎರಡೂ ಅಮೆರಿಕನ್ ಪಾರ್ಕಲ್ಲಿ ಅದೇ ಬೆಟ್ಟ ಅದೇ ಜಾರು ಟಿಯಾನಾಸ್ ಬಾಯು ಅಡ್ವೆಂಚರ್ ಆಯ್ತು. ನಾನಿದನ್ನ ಒಪ್ಕೋತೀನಿ, ರೈಡ್ ಅಂದ್ರೆ ಎಲ್ಲಾ ಮಕ್ಕಳೂ ತಲೆ ಎತ್ತಿ ಹತ್ತೋ ಹಾಗಿರ್ಬೇಕು. ಅಂದ ಹಾಗೆ ಡಿಸ್ನಿಲ್ಯಾಂಡಿನ ಸ್ಪ್ಲಾಶ್ ಮೌಂಟನಲ್ಲಿದ್ದ ಗೊಂಬೆಗಳಲ್ಲಿ ಸುಮಾರು ಅದಕ್ಕೂ ಮುಂಚೆ 1974ರಿಂದ 1988ರ ತನಕ ನಡೆದ ಅಮೆರಿಕಾ ಸಿಂಗ್ಸ್ ಅನ್ನೋ ಶೋದಿಂದ ತಂದಿದ್ದು. ಒಂದು ಗೊಂಬೆ ಎರಡು ಜನ್ಮ ಕಂಡಿದೆ. ಅಲ್ಲೇ ಪೀಪಲ್‌ಮೂವರ್ ಅಂತ ನಿಧಾನದ ಗಾಡಿ 1967ರಿಂದ 1995ರ ತನಕ ಇತ್ತು. ಅದೇ ಹಳಿ ಮೇಲೆ 1998ರಲ್ಲಿ ರಾಕೆಟ್ ರಾಡ್ಸ್ ಅಂತ ವೇಗದ ಗಾಡಿ ಬಿಟ್ರು, ತಿರುವಿನಲ್ಲಿ ಹಳಿ ಓರೆ ಮಾಡಿರ್ಲಿಲ್ಲ, ಪ್ರತಿ ತಿರುವಿಗೂ ಬ್ರೇಕ್, ಮತ್ತೆ ವೇಗ, ಮತ್ತೆ ಬ್ರೇಕ್, ಗಾಡಿ ತಾಳ್ಕೊಳ್ಳೋಕೆ ಆಗ್ಲಿಲ್ಲ, 2000ದಲ್ಲಿ ನಿಂತೋಯ್ತು. ಆ ಹಳಿ ಇವತ್ತಿಗೂ ಜನರ ತಲೆ ಮೇಲೆ ಖಾಲಿ ನಿಂತಿದೆ. ಕೆಡವೋದಕ್ಕೂ ದುಡ್ಡು ಬೇಕಲ್ವಾ.

ಗ್ರೀಸ್‌ಕೈ:

ದೋಣಿಪ್ರಯಾಣಿಕ ಸರ್, ಗಾಳಿ ನಿಂತಿದ್ದು ಫ್ಯಾನ್ ಬೆಲ್ಟ್ ಇರಬೇಕು, ಅರ್ಧ ದಿನದ ಕೆಲಸ. ಅದನ್ನೂ ಮಾಡದೇ ಬಿಟ್ಟಿದಾರೆ ಅಂದ್ರೆ ತೀರ್ಮಾನ ಆಗಿ ಆಗಲೇ ವರ್ಷಗಳೇ ಆಗಿತ್ತು ಅಂತ ಅರ್ಥ. ಬೇಜಾರಾಗತ್ತೆ, ಆದ್ರೆ ನಿಮಗೆ ಸುಳ್ಳು ಹೇಳೋಕಾಗಲ್ಲ ನನಗೆ.

ಒಂದು ಕೆಲಸ ಮಾಡಿ, ಕಟ್ಟಡ ಒಡೆಯೋಕೆ ಮುಂಚೆ ಒಳಗಿನ ಸಾಮಾನು ಬಿಚ್ಚೋಕೆ ಕೆಲವು ವಾರ ತಗೋತಾರೆ. ಅದೆಲ್ಲಾ ಗುಜರಿಯವ್ರ ಕೈಗೆ ಹೋಗೋಕೆ ಮುಂಚೆ ಪಾರ್ಕ್‌ಗೆ ಪತ್ರ ಬರೆದು ಕೇಳಿ, ಫೋನ್ ಬೇಡ, ಪತ್ರ. ಮೆಂಟೆನೆನ್ಸ್ ಮ್ಯಾನೇಜರ್ ಹೆಸರಿಗೆ ಬರೀರಿ, ಮಾರ್ಕೆಟಿಂಗ್‌ನವ್ರಿಗಲ್ಲ. ಇಂಥದ್ದೇ ಬೇಕು ಅಂತ ಒಂದೇ ವಸ್ತು ಕೇಳಿ. ಆಲ್ಟನ್ ಟವರ್ಸ್‌ನವ್ರು 1980ರ ಕಾರ್ಕ್‌ಸ್ಕ್ರೂ ಕೋಸ್ಟರ್ 2008ರಲ್ಲಿ ತೆಗೆದಾಗ ಆ ತಿರುಚಿದ ಹಳಿ ತುಂಡನ್ನ ಮುಂಬಾಗಿಲ ಹತ್ರಾನೇ ನಿಲ್ಲಿಸಿದ್ರು. ನಾವೂ ಒಂದು ಹಳೇ ಟ್ರೇನಿನ ಮುಂದಿನ ಡಬ್ಬಿ ಎತ್ತಿಟ್ಟಿದ್ವಿ, ಮೇಲಿನವ್ರು ಕೇಳ್ಲಿಲ್ಲ, ವರ್ಕ್‌ಶಾಪ್ ಹುಡುಗ್ರೇ ಇಟ್ಟಿದ್ದು. ಆ ಕೆಲಸ ಮಾಡೋರಿಗೂ ರೈಡ್ ಮೇಲೆ ಪ್ರೀತಿ ಇರತ್ತೆ, ಕೇಳೋರು ಒಬ್ರು ಇದಾರೆ ಅಂತ ಗೊತ್ತಾದ್ರೆ ಸಾಕು.

ದೋಣಿಪ್ರಯಾಣಿಕ:

ಇವತ್ತೇ ಬರೀತೀನಿ ಸರ್. ಇಡೀ ದೋಣಿ ಕೇಳಿದ್ರೆ ಮನೇಲಿ ಇಡೋಕೆ ಜಾಗ ಇಲ್ಲ, ಮೂತಿ ಮೇಲಿನ ನಂಬರ್ ಪ್ಲೇಟ್ ಕೇಳ್ತೀನಿ. 7ನೇ ದೋಣಿ. ನಮ್ಮಪ್ಪ ಎಷ್ಟು ಹೊತ್ತಾದ್ರೂ ಹಿಂದಿನವ್ರನ್ನ ಮುಂದೆ ಬಿಟ್ಟು ಅದೇ ಬರೋ ತನಕ ಕಾಯಿಸ್ತಿದ್ರು.